ರೆಕಾರ್ಡ್ ರೂಮಿನ ಕೀಲಿ ನನ್ನ ಕಡೆ ಇತ್ತು

ಕಚೇರಿಯಲ್ಲಿ ಕಾಗದ ಕಳೆಯುವುದಿಲ್ಲ. ಸಿಗುವುದಿಲ್ಲ, ಅಷ್ಟೇ. ಈ ಎರಡರ ನಡುವಿನ ಫರಕು ತಿಳಿದುಕೊಳ್ಳಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು, ಮತ್ತು ಆ ಇಪ್ಪತ್ತೈದು ವರ್ಷದಲ್ಲಿ ತಿಂಗಳಿಗೊಮ್ಮೆಯಾದರೂ ಇಂಥದ್ದೊಂದು ನಡೆಯುತ್ತಲೇ ಇತ್ತು.

ಆಳಂದ, ಅಫಜಲಪುರ, ಜೇವರ್ಗಿ. ಈ ಮೂರು ತಾಲೂಕು ಬಿಟ್ಟು ನನ್ನ ನೌಕರಿ ಆಚೆ ಹೋಗಲಿಲ್ಲ. ಎಪ್ಪತ್ತರ ದಶಕದ ನಡುವೆ ಗುಮಾಸ್ತನಾಗಿ ಸೇರಿದೆ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಹೊರಗೆ ಬಂದೆ. ಎಲ್ಲಿಗೆ ವರ್ಗ ಮಾಡಿದರೂ ನನ್ನನ್ನು ಕೂಡಿಸುತ್ತಿದ್ದದ್ದು ರೆಕಾರ್ಡ್ ರೂಮಿನಲ್ಲಿ. ಯಾವ ಸಂಗತಿ ಯಾವ ಕಚೇರಿಯಲ್ಲಿ ನಡೆಯಿತು ಅಂತ ಹೇಳುವುದಿಲ್ಲ. ಹೇಳದಿದ್ದರೆ ಮೂರೂ ಕಡೆಯವರು ಇದು ಉಳಿದ ಇಬ್ಬರದು ಅಂದುಕೊಂಡು ಆರಾಮಾಗಿ ಓದುತ್ತಾರೆ.

೧. ಪಟ್ಟಿ ಇಲ್ಲದ ಕೋಣೆ

ನಾನು ಸೇರಿದಾಗ ರೆಕಾರ್ಡ್ ರೂಮಿನಲ್ಲಿ ಹಿರಿಯರೊಬ್ಬರಿದ್ದರು. ಸಾಹೇಬರಿಂದ ಹಿಡಿದು ಜವಾನನವರೆಗೆ ಎಲ್ಲರೂ ಅವರಿಗೆ ಕಾಕಾ ಅನ್ನುತ್ತಿದ್ದರು. ಕೋಣೆಯ ತುಂಬ ನೆಲದಿಂದ ತೊಲೆಯವರೆಗೆ ಕೆಂಪು ಬಟ್ಟೆಯ ಗಂಟುಗಳು. ಯಾವ ಗಂಟಿನ ಮೇಲೂ ಚೀಟಿ ಇಲ್ಲ.

"ಪಟ್ಟಿ ಎಲ್ಲಿ ಅದ ಕಾಕಾ?" ಅಂತ ಕೇಳಿದೆ.

"ಪಟ್ಟಿ ಯಾಕ ಬೇಕು ತಮ್ಮಾ? ಮುಂಜಾನಿ ಏಳರ ಬಸ್ಸು ಹತ್ತು. ಮೊದಲು ಯಾವ ಊರು ಬರ್ತದ? ಅದು ಬಾಗಿಲ ಹತ್ರದ ಕಪಾಟು. ಅದರ ಮುಂದಿನ ಸ್ಟಾಪು? ಅದು ಎರಡನೇದು. ಹಾಂಗ ಹೋಗು. ಕಡೀ ಸ್ಟಾಪು ಕಿಡಕಿ ಹತ್ರ ಅದ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅಲ್ಲ. ತಾಲೂಕಿನ ಅಷ್ಟೂ ಹಳ್ಳಿಗಳ ಕಾಗದಗಳನ್ನು ಅವರು ಬಸ್ಸು ನಿಲ್ಲುವ ಕ್ರಮದಲ್ಲಿ ಜೋಡಿಸಿದ್ದರು. ಕಣ್ಣು ಮುಚ್ಚಿಕೊಂಡು ತೆಗೆದುಕೊಡುತ್ತಿದ್ದರು. ಒಂದು ಮಳೆಗಾಲದಲ್ಲಿ ಹಳ್ಳದ ಸೇತುವೆ ಕುಸಿದು ಬಸ್ಸು ಬೇರೆ ದಾರಿ ಹಿಡಿಯಿತು. ಕಾಕಾ ಎಂಟು ದಿನ ಜವಾನನನ್ನು ಜೊತೆಗಿಟ್ಟುಕೊಂಡು ಕಪಾಟುಗಳನ್ನೆಲ್ಲ ಹೊಸ ದಾರಿಗೆ ತಕ್ಕಂತೆ ಸರಿಸಿದರು. ಒಂದು ದೊಡ್ಡ ಊರಿನ ಗಂಟು ಎತ್ತುವಾಗ ಅವರ ಸೊಂಟ ಹಿಡಿಯಿತು. ಆದರೂ ಬಿಡಲಿಲ್ಲ.

ಅದೇ ವರ್ಷ ಅವರು ಮಗಳ ಮದುವೆಗೆ ರಜೆ ಹಾಕಿದಾಗ ಕೋರ್ಟಿನಿಂದ ಒಂದು ಸಣ್ಣ ಹಳ್ಳಿಯ ಫೈಲು ಬೇಕೆಂದು ಕಾಗದ ಬಂತು. ನಾನು ಏಳರ ಬಸ್ಸಿನ ದಾರಿ ಹುಡುಕಿದೆ, ಹನ್ನೊಂದರ ಬಸ್ಸಿನ ದಾರಿ ಹುಡುಕಿದೆ, ಸಂಜೆ ಬಸ್ಸಿನ ದಾರಿಯನ್ನೂ ಬಿಡಲಿಲ್ಲ. ಮೂರು ದಿನವಾಯಿತು. ಸಾಹೇಬರು ಕರೆದು, "ನಾಳಿ ಫೈಲು ಬರಲಿಲ್ಲಂದ್ರ ನೀ ಬರಬ್ಯಾಡ" ಅಂದರು. ಆಗಿನ್ನೂ ನನ್ನ ನೌಕರಿ ಖಾಯಂ ಆಗಿರಲಿಲ್ಲ. ಕಾಕಾನ ಮನೆಗೆ ಓಡಿ ಹೋಗಿ, ಮದುವೆಯ ಅರಿಶಿನದ ಬಟ್ಟೆಯಲ್ಲೇ ಇದ್ದ ಅವರ ಕಾಲು ಹಿಡಿದೆ.

ಅವರು ಊರಿನ ಹೆಸರು ಕೇಳಿ, ನನ್ನನ್ನು ಬಹಳ ಮರುಕದಿಂದ ನೋಡಿದರು.

"ಆ ಊರಿಗೆ ಬಸ್ಸೇ ಇಲ್ಲಲ್ಲೋ ತಮ್ಮಾ. ಅದು ಹಿಂದಿನ ಗ್ವಾಡಿಗೆ ನಡಕೊಂಡು ಹೋಗೂ ಊರುಗಳ ಕಪಾಟಿನ್ಯಾಗ ಅದ."

೨. ಎತ್ತರದ ಪ್ರಶ್ನೆ

ಮುಂದಿನ ಕಚೇರಿಯಲ್ಲಿ ಸಾಹೇಬರು ಬಹಳ ಕಟ್ಟುನಿಟ್ಟು. ಕೈ ಶುದ್ಧ, ಮಾತು ಶುದ್ಧ, ಆಳು ಮಾತ್ರ ಗಿಡ್ಡ. ಕುರ್ಚಿಯಲ್ಲಿ ಕೂತರೆ ಮೇಜಿನ ಮೇಲೆ ಮುಖವಷ್ಟೇ ಕಾಣುತ್ತಿತ್ತು. ಅವರು ಬಂದ ಎರಡನೇ ದಿನವೇ ಜವಾನ ಕುರ್ಚಿಯ ಮೇಲೆ ಏನನ್ನೋ ಇಟ್ಟು, ಅದರ ಮೇಲೆ ಟವೆಲ್ ಹಾಸಿದ. ಸಾಹೇಬರು ಎತ್ತರವಾದರು. ಈ ವಿಷಯ ಅವರೂ ಕೇಳಲಿಲ್ಲ, ನಾವೂ ಮಾತಾಡಲಿಲ್ಲ.

ಕೆಲವು ತಿಂಗಳ ನಂತರ ಎರಡು ಊರುಗಳ ನಡುವಿನ ಬಂಡಿದಾರಿಯ ತಕರಾರಿನ ಫೈಲು ಬೇಕಾಯಿತು. ಒಂದು ಕೈಯಲ್ಲಿ ಹಿಡಿಯಲಾಗದಷ್ಟು ದಪ್ಪನೆಯ ಫೈಲು ಅದು. ಸಿಗಲಿಲ್ಲ. ಸಾಹೇಬರು ನನಗೆ ಮೆಮೊ ಕೊಟ್ಟರು. ಉತ್ತರ ಬರೆದೆ. ಇನ್ನೊಂದು ಮೆಮೊ ಕೊಟ್ಟರು. ದಿನಾ ಎದುರಿಗೆ ನಿಲ್ಲಿಸಿ, "ಅಷ್ಟು ದೊಡ್ಡ ಫೈಲು ಹ್ಯಾಂಗ ಮಾಯ ಆಗ್ತದ? ಇದೇ ಕಚೇರ್ಯಾಗ ಎಲ್ಲೋ ಅದ" ಅನ್ನುತ್ತಿದ್ದರು. ಜವಾನ ಬಾಗಿಲ ಹತ್ತಿರ ನಿಂತು ಸೂರು ನೋಡುತ್ತಿದ್ದ. ನನ್ನ ಹೆಂಡತಿ ಘತ್ತರಗಿ ಭಾಗ್ಯವಂತಿಗೆ ತೆಂಗಿನಕಾಯಿ ಹರಕೆ ಹೊತ್ತಳು.

ಸಾಹೇಬರು ಹದಿನೈದು ದಿನ ರಜೆ ಹೋದರು. ಅವರ ಜಾಗಕ್ಕೆ ತಾತ್ಪೂರ್ತಿಕವಾಗಿ ಬಂದವರು ಆರಡಿ ಮೇಲಿನ ಆಳು. ಕೂತ ಕೂಡಲೇ ಎರಡೂ ಮೊಣಕಾಲು ಮೇಜಿಗೆ ಬಡಿದವು. "ಏನಿಟ್ಟೀರಿ ಇಲ್ಲಿ?" ಅಂತ ಟವೆಲ್ ಎತ್ತಿದರು. ಬಂಡಿದಾರಿಯ ಫೈಲು, ನಡುವೆ ಸ್ವಲ್ಪ ತಗ್ಗು ಬಿದ್ದು, ಸುರಕ್ಷಿತವಾಗಿ ಕೂತಿತ್ತು.

ನಾನು ಜವಾನನನ್ನು ಹೊರಗೆ ಎಳಕೊಂಡು ಹೋಗಿ, "ಗೊತ್ತಿದ್ದೂ ಯಾಕ ಹೇಳಲಿಲ್ಲೋ?" ಅಂದೆ.

"ಏನಂತ ಹೇಳ್ಬೇಕಿತ್ರಿ ಸರ? ಸಾಹೇಬ್ರ, ಏಳ್ರಿ, ನೀವು ಕುಂತೀರಿ ಅದರ ಮ್ಯಾಲ ಅಂತ ಹೇಳ್ಬೇಕಿತ್ತೇನ್ರಿ?"

ಹದಿನೈದು ದಿನದಲ್ಲಿ ತಕರಾರು ಬಗೆಹರಿದು ಫೈಲು ಮೇಲಿನ ಕಚೇರಿಗೆ ಹೋಯಿತು. ರಜೆ ಮುಗಿಸಿ ಬಂದ ಸಾಹೇಬರು ಕುರ್ಚಿಯಲ್ಲಿ ಕೂತರು. ಮೇಜಿನ ಆಚೆ ಬರೀ ಕನ್ನಡಕ ಕಂಡಿತು.

"ಯಾಕೋ, ಕುರ್ಚಿ ತಗ್ಗ ಆಗೇದಲ್ಲ?"

ಜವಾನ ಕೈಕಟ್ಟಿ ನಿಂತು ಹೇಳಿದ, "ಫೈಲು ಫೈಸಲ್ ಆತ್ರಿ ಸಾಹೇಬ್ರ."

೩. ಗುರುತು

ಇದೇ ಜವಾನನಿಗೆ ಓದು ಬರುತ್ತಿರಲಿಲ್ಲ. ಆದರೆ ಮೇಜಿನ ಮೇಲಿನ ಐವತ್ತು ಫೈಲಿನಲ್ಲಿ ಕೇಳಿದ್ದನ್ನೇ ತಂದುಕೊಡುತ್ತಿದ್ದ. ಚಹಾದ ಬಸಿಯ ದುಂಡು ಕಲೆ ಇದ್ದದ್ದು ಕೆರೆಯ ಫೈಲು. ಎಣ್ಣೆಯ ಕೈ ಮುಟ್ಟಿದ್ದು ಶಾಲೆಯದು. ಎಲೆ ಅಡಿಕೆಯ ಕೆಂಪು ಬಿದ್ದದ್ದು ನೀರಾವರಿಯದು. ಶಿರಸ್ತೇದಾರರು ಎಲೆ ಹಾಕಿಕೊಂಡೇ ಅದನ್ನು ನೋಡುತ್ತಿದ್ದರು.

ಹೊಸದಾಗಿ ಬಂದ ಸಾಹೇಬರಿಗೆ ಸ್ವಚ್ಛತೆಯ ಹುಚ್ಚು. ಎಲ್ಲ ಹಳೆ ರಟ್ಟು ಕಿತ್ತುಹಾಕಿಸಿ, ಎಲ್ಲಕ್ಕೂ ಒಂದೇ ಬಣ್ಣದ ಹೊಸ ರಟ್ಟು ಹಾಕಿಸಿದರು. ಆ ದಿನದಿಂದ ಕೆರೆ ಕೇಳಿದರೆ ಶಾಲೆ ಬರುತ್ತಿತ್ತು, ಶಾಲೆ ಕೇಳಿದರೆ ಸ್ಮಶಾನ ಬರುತ್ತಿತ್ತು. ಜವಾನನ ಮುಖ ಇಳಿದುಹೋಯಿತು. ಕುರುಡನಾದವನಂತೆ ಮೇಜು ತಡವುತ್ತಿದ್ದ.

ಮೂರನೇ ವಾರ ಸಾಹೇಬರು ಅವನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿಸಿದರು. ದಿನಾ ಬೇಕಾಗುವ ಒಂದು ಫೈಲನ್ನು ಮುಂದೆ ತಳ್ಳಿ, ದನಿ ತಗ್ಗಿಸಿ ಹೇಳಿದರು, "ಇದು ಅರ್ಜೆಂಟ್ ಅದ. ಸ್ವಲ್ಪ ಚಹಾ ಚೆಲ್ಲು."

೪. ಸಾಕ್ಷಿ

ನಮ್ಮ ಕಡೆ ಹಳೆಯ ಕಾಗದವೆಂದರೆ ಉರ್ದು. ನಿಜಾಮರ ಕಾಲದ್ದು. ಅದನ್ನು ಓದಬಲ್ಲವರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿದ್ದರು. ಕೊನೆಗೆ ಊರಲ್ಲಿ ಉಳಿದವರು ಒಬ್ಬ ಮುನ್ಶಿ. ನಿವೃತ್ತ ಉರ್ದು ಮಾಸ್ತರರು. ಬೇಕಾದಾಗ ಅವರನ್ನು ಕರೆಸುತ್ತಿದ್ದೆವು.

ಒಂದು ದಿನ ಹಣೆ ತುಂಬ ವಿಭೂತಿ ಹಚ್ಚಿಕೊಂಡ ರೈತನೊಬ್ಬ, ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಕಾಗದವನ್ನು ಎದೆಗೊತ್ತಿಕೊಂಡು ಬಂದ. ಅವನಿಗೂ ಪಕ್ಕದ ಹೊಲದವನಿಗೂ ಒಂದು ಬಾವಿಯ ಸಲುವಾಗಿ ಜಗಳ. ಬಾವಿ ಯಾರದೆಂಬುದಕ್ಕೆ ಕಚೇರಿಯಲ್ಲಿ ದಾಖಲೆ ಇರಬೇಕಿತ್ತು, ಆ ವರ್ಷದ ಗಂಟನ್ನು ಗೆದ್ದಲು ತಿಂದು ಮುಗಿಸಿತ್ತು. ಬಾವಿ ಹೋದರೆ ಅವನ ನಾಲ್ಕು ಎಕರೆ ಒಣಗುತ್ತಿತ್ತು.

"ನಮ್ಮಜ್ಜಗ ಸರ್ಕಾರದವರು ಕೊಟ್ಟ ಸನದು ರೀ ಇದು," ಅಂದ. "ದೇವರ ಜಗಲಿ ಮ್ಯಾಲ ಇಟ್ಟೇವ್ರಿ. ದಿನಾ ಪೂಜಾ ಮಾಡ್ತೇವಿ." ಕಾಗದದ ಅಂಚು ಕುಂಕುಮದಿಂದ ಕೆಂಪಾಗಿತ್ತು.

ಮುನ್ಶಿ ಬಂದರು. ಕನ್ನಡಕ ಒರೆಸಿಕೊಂಡು ಓದತೊಡಗಿದರು. ಒಮ್ಮೆ ಓದಿದರು. ಕನ್ನಡಕ ಮತ್ತೆ ಒರೆಸಿ ಇನ್ನೊಮ್ಮೆ ಓದಿದರು. ನಂತರ ನನ್ನ ಕಡೆ ಬಗ್ಗಿ, "ಬಾಬು, ಇದು ಸನದು ಅಲ್ರಿ. ಇವರ ಅಜ್ಜನ ಎಮ್ಮಿ ಕೊಂಡವಾಡದಾಗ ಹಾಕ್ಯಾರ, ಬಂದು ಬಿಡಿಸ್ಕೊಂಡು ಹೋಗು ಅಂತ ನೋಟೀಸು" ಅಂದರು.

ಮೂರು ತಲೆಮಾರಿನಿಂದ ಪೂಜೆ ಮಾಡುತ್ತ ಬಂದ ಮನೆಯವನಿಗೆ ಇದನ್ನು ಹೇಳುವುದು ಹೇಗೆ? ನಾನು ಶಿರಸ್ತೇದಾರರ ಮುಖ ನೋಡಿದೆ. ಅವರು ಕಿಟಕಿ ನೋಡಿದರು. ಕಡೆಗೆ ಮುನ್ಶಿಯೇ ಹೇಳಿದರು. ರೈತ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಪೂರಾ ಓದ್ರಿ ಮುನ್ಶಿಜಿ," ಅಂದೆ, ಏನಾದರೂ ಅನ್ನಬೇಕಲ್ಲ ಅಂತ.

ಮುನ್ಶಿ ಒಂದೊಂದೇ ಸಾಲು ಬಿಡಿಸಿ ಓದಿದರು. ಎಮ್ಮೆ ಇಂಥವರ ಬೆಳೆಯಲ್ಲಿ ಮೇಯುತ್ತಿತ್ತು. ಹಿಡಿದದ್ದು ಇಂಥ ಜಾಗದಲ್ಲಿ. ಆ ಜಾಗ ಎಲ್ಲಿದೆಯೆಂದರೆ, ಎಮ್ಮೆಯ ಮಾಲೀಕನ ಸ್ವಂತ ಬಾವಿಯಿಂದ ಉತ್ತರಕ್ಕೆ ನಲವತ್ತು ಹೆಜ್ಜೆ.

ಮುನ್ಶಿ ಓದುವುದನ್ನು ನಿಲ್ಲಿಸಿದರು. ಶಿರಸ್ತೇದಾರರು ಕಿಟಕಿ ಬಿಟ್ಟು ಇತ್ತ ತಿರುಗಿದರು. ರೈತ ಎದ್ದು ನಿಂತ. ಸರ್ಕಾರದ ಸಿಕ್ಕೆ ಇದ್ದ ಕಾಗದದಲ್ಲೇ ಬಾವಿ ಯಾರದು ಅಂತ ಬರೆದಿತ್ತು. ಅದನ್ನು ಕನ್ನಡಕ್ಕೆ ತಿರುಗಿಸಿ ಕೋರ್ಟಿಗೆ ಕಳಿಸಿದೆವು. ಅಲ್ಲಿ ಅದು ನಿಂತಿತು.

ಮುಂದೊಂದು ದಿನ ಆತ ಬಜಾರಿನಲ್ಲಿ ಸಿಕ್ಕ. "ಕಾಗದ ಈಗ ಎಲ್ಲಿ ಇಟ್ಟೀದಿ?" ಅಂತ ಕೇಳಿದೆ.

"ಜಗಲಿ ಮ್ಯಾಲೇ ಅದ್ರಿ. ಪೂಜಾ ನಡದದ," ಅಂದ. ಸ್ವಲ್ಪ ತಡೆದು ಸೇರಿಸಿದ, "ಮೊದಲು ಅಜ್ಜಗ ಮಾಡ್ತಿದ್ವಿ. ಈಗ ಎಮ್ಮಿಗೆ ಮಾಡ್ತೇವ್ರಿ."

೫. ವರ್ಗಾವಣೆ

ಮೂರನೇ ಕಚೇರಿಯ ಮಾಳಿಗೆ ಸೋರುತ್ತಿತ್ತು. ಒಂದು ಆಶ್ವೀಜದ ಮಳೆಗೆ ಕಪಾಟು ತೊಯ್ದು, ಮರುದಿನ ಕಾಗದಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆವು. ಒಂದೊಂದರ ಮೇಲೂ ಒಂದೊಂದು ಕಲ್ಲು ಇಟ್ಟಿದ್ದೆವು. ಮಧ್ಯಾಹ್ನ ಗಾಳಿ ಎದ್ದಿತು. ಕಲ್ಲುಗಳು ಅಲ್ಲೇ ಉಳಿದವು.

ಓಡಾಡಿ ಹಿಡಿದು, ಅಂದಾಜಿನ ಮೇಲೆ ಜೋಡಿಸಿ ದಾರ ಕಟ್ಟಿದೆ. ಅದರಲ್ಲಿ ಎರಡು ಫೈಲು ಅಡ್ಡಾದಿಡ್ಡಿಯಾದವು. ಒಂದು, ನಮ್ಮ ಹಿರಿಯ ಗುಮಾಸ್ತರದು. ಅವರ ಮನೆ ಯಡ್ರಾಮಿ ಕಡೆ. ಹೆಂಡತಿಗೆ ಹುಷಾರಿಲ್ಲ, ಆ ಕಡೆಯ ಕಚೇರಿಗೆ ವರ್ಗ ಕೊಡಿ ಅಂತ ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದರು. ಇನ್ನೊಂದು, ಕಚೇರಿ ಆವರಣದ ಮುದಿ ಬೇವಿನ ಮರದ್ದು. ಅದನ್ನು ಕಡಿಯಲು ಅನುಮತಿ ಕೇಳಿದ್ದೆವು.

ಟೈಪಿಸ್ಟ್ ಬಾಯಿ ಫೈಲಿನಲ್ಲಿದ್ದದ್ದನ್ನು ಟೈಪು ಮಾಡಿದರು. ಸಾಹೇಬರು ಸಹಿ ಮಾಡಿದರು. ಹಿರಿಯ ಗುಮಾಸ್ತರ ಕೈಗೆ ಬಂದ ಆದೇಶ ಹೀಗಿತ್ತು: "ಸದರಿಯವರು ಬಹಳ ಹಳೆಯದಾಗಿದ್ದು, ಬುಡ ಟೊಳ್ಳಾಗಿ, ಗೋಡೆಗೆ ವಾಲಿಕೊಂಡಿರುವುದರಿಂದ, ಸಾರ್ವಜನಿಕರ ಹಿತದೃಷ್ಟಿಯಿಂದ ಕಡಿದು ವಿಲೇವಾರಿ ಮಾಡತಕ್ಕದ್ದು."

ಅವರು ಊಟದ ನಂತರ ದಿನಾ ಗೋಡೆಗೆ ಒರಗಿ ಒಂದು ತಾಸು ಕಣ್ಣು ಮುಚ್ಚುತ್ತಿದ್ದರು. ಯಾರೋ ಚಾಡಿ ಹೇಳಿದ್ದಾರೆ ಅಂದುಕೊಂಡರು. ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಒರಗೂದು ಖರೇ ಅದರಿ," ಅಂದರು. "ಆದ್ರ ಬುಡ ಟೊಳ್ಳ ಅಂತ ಬರಿಬಾರ್ದಿತ್ತು."

ಬೇವಿನ ಮರದ ಆದೇಶವನ್ನು ಜವಾನ ಆಗಲೇ ಮರಕ್ಕೆ ಅಂಟಿಸಿದ್ದ. ಅದರಲ್ಲಿ, ಕೌಟುಂಬಿಕ ಕಾರಣಗಳಿಂದ ಯಡ್ರಾಮಿ ಕಡೆಗೆ ವರ್ಗಾಯಿಸಲಾಗಿದೆ, ಏಳು ದಿನದೊಳಗೆ ಹಾಜರಾಗತಕ್ಕದ್ದು ಅಂತಿತ್ತು. ಪ್ರತಿ ಅಲ್ಲಿನ ಕಚೇರಿಗೂ ಹೋಗಿತ್ತು. ನಮ್ಮ ಕಡೆ ಹುಣಸಿಮರದ, ಮಾವಿನಗಿಡದ ಅಂತೆಲ್ಲ ಅಡ್ಡಹೆಸರುಗಳು ಇರುವುದರಿಂದ ಅವರಿಗೆ ಸಂಶಯ ಬರಲಿಲ್ಲ. ಎಂಟನೇ ದಿನ ಅವರಿಂದ ಕಾಗದ ಬಂತು: "ಶ್ರೀ ಬೇವಿನಮರದ ಇವರು ಇದುವರೆಗೆ ಹಾಜರಾಗಿಲ್ಲ. ಕಾರಣ ತಿಳಿಸಿರಿ."

ತಪ್ಪು ಒಪ್ಪಿಕೊಂಡರೆ ಸಾಹೇಬರ ಸಹಿಯ ಮರ್ಯಾದೆ ಹೋಗುತ್ತಿತ್ತು. ಅವರು ಅರ್ಧ ದಿನ ವಿಚಾರ ಮಾಡಿ ತಾವೇ ಉತ್ತರ ಬರೆದರು: "ಸದರಿಯವರು ಇಲ್ಲಿ ಬಹಳ ಆಳವಾಗಿ ಬೇರು ಬಿಟ್ಟಿರುವುದರಿಂದ ಬಿಡುಗಡೆ ಮಾಡಲು ಸಾಧ್ಯವಾಗುತ್ತಿಲ್ಲ. ಅವರ ಬದಲಿಗೆ ಹಿರಿಯ ಗುಮಾಸ್ತರನ್ನು ಕಳಿಸಲಾಗುತ್ತಿದೆ."

೬. ಕೊನೆಯ ಕಾಲಂ

ನನ್ನ ನೌಕರಿ ಮುಗಿಯಲು ಎರಡು ವರ್ಷ ಇದ್ದಾಗ ಕಂಪ್ಯೂಟರ್ ಬಂತು. ಜವಾನ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದ. ಅದರ ಜೊತೆ ಒಬ್ಬ ಆಪರೇಟರ್ ಬಾಯಿಯೂ ಬಂದಳು. ಗುಲಬರ್ಗಾದ ಹುಡುಗಿ, ಬೆರಳು ಚುರುಕು, ದನಿ ಇನ್ನೂ ಚುರುಕು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದದೆ ಅವಳಿಗೆ ಕೆಲಸ ನಡೆಯುತ್ತಿರಲಿಲ್ಲ.

ರೆಕಾರ್ಡ್ ರೂಮಿನ ಪಟ್ಟಿಯನ್ನೆಲ್ಲ ಅದರಲ್ಲಿ ತುಂಬಬೇಕು ಅಂತ ಆದೇಶ. ಆರು ತಿಂಗಳು ನಾನು ಗಂಟು ಬಿಚ್ಚಿದೆ, ಅವಳು ಬಡಿದಳು. ಊರು, ಹೆಸರು, ನಂಬರು, ಕಪಾಟು, ಗಂಟು. ಕೊನೆಯಲ್ಲಿ ಒಂದು ಕಾಲಂ: ಫೈಲು ಹೊರಗಿದ್ದರೆ ಯಾರ ಹತ್ತಿರ. ಫೈಲು ಒಯ್ದವರು ಬರೆದುಕೊಟ್ಟ ಚೀಟಿಗಳು ಬಿಸ್ಕಿಟ್ ಡಬ್ಬಿಯೊಂದರಲ್ಲಿದ್ದವು. ಆ ಡಬ್ಬಿಯನ್ನು ಹಾಗೇ ಅವಳ ಕೈಗೆ ಕೊಟ್ಟೆ. ಚೀಟಿಗಳಲ್ಲಿ ಏನಿತ್ತು ಅಂತ ನಾನು ನೋಡಿರಲಿಲ್ಲ. ಹಾಗಂತ ಆಮೇಲೆ ಮೇಲಿನವರು ಕೇಳಿದಾಗ ಬರೆದುಕೊಟ್ಟಿದ್ದೇನೆ, ಇಲ್ಲಿಯೂ ಅದನ್ನೇ ಹೇಳುತ್ತೇನೆ.

ಉದ್ಘಾಟನೆಗೆ ಜಿಲ್ಲೆಯಿಂದ ದೊಡ್ಡ ಸಾಹೇಬರು ಬಂದರು. ಒಂದು ಕಾಲಕ್ಕೆ ಇದೇ ಕಚೇರಿಯಲ್ಲಿ ಸಣ್ಣ ಸಾಹೇಬರಾಗಿದ್ದವರು. ಭಾಷಣದಲ್ಲಿ, "ಇನ್ನು ಮುಂದೆ ಫೈಲು ಇಲ್ಲ ಅನ್ನೋ ಮಾತೇ ಇಲ್ಲ" ಅಂದರು. ವರಾಂಡದಲ್ಲಿ ಕೂತಿದ್ದ ಒಬ್ಬ ಮುದುಕಿಯನ್ನು ಕಂಡು, "ಕರೀರಿ, ಆಕೀದೇ ಹುಡುಕೋಣ" ಅಂತ ಉದಾರವಾಗಿ ಹೇಳಿದರು.

ಆಕೆ ನಮಗೆಲ್ಲ ಗೊತ್ತಿದ್ದವಳು. ಬಜಾರಿನಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಮನೆಯ ಜಾಗವನ್ನು ತನ್ನ ಹೆಸರಿಗೆ ಮಾಡಿಸಬೇಕಿತ್ತು. ಅದರ ಫೈಲು ಸಿಗುತ್ತಿರಲಿಲ್ಲ. ಮೈದುನ ಮನೆ ಬಿಡು ಅಂತ ಕೂತಿದ್ದ. ಎಂಟು ವರ್ಷದಿಂದ, ಸಂತೆ ಇಲ್ಲದ ದಿನ ಅವಳು ನಮ್ಮ ವರಾಂಡದಲ್ಲಿರುತ್ತಿದ್ದಳು. ಎಂಟು ವರ್ಷವೂ ನಾನು ಅವಳಿಗೆ ಹುಡುಕಾಕತ್ತೇವಿ ಅಂತ ಹೇಳಿದ್ದೆ. ಅದನ್ನು ಹೇಳುವಾಗ ಅವಳ ಮುಖ ನೋಡುತ್ತಿರಲಿಲ್ಲ.

ಆಪರೇಟರ್ ಬಾಯಿ ಮುದುಕಿಯ ಹೆಸರು ಕೇಳಿ ಟಕಟಕ ಬಡಿದಳು. ಕರಿ ಪರದೆಯ ಮೇಲೆ ಹಸಿರು ಅಕ್ಷರ ಮೂಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸಿಕ್ತು ಸರ್! ಕಪಾಟು ನಾಲ್ಕು, ಗಂಟು ಹದಿನೇಳು. ಸದ್ಯ ಫೈಲು ಹೊರಗದ. ಒಯ್ದವರ ಹೆಸರು..." ಅಂದು ಅವಳು ಹೆಸರು, ಹುದ್ದೆ, ಎರಡನ್ನೂ ಕಡೆಯ ಸಾಲಿನವರಿಗೂ ಕೇಳಿಸುವಂತೆ ಓದಿದಳು.

ಅದು ದೊಡ್ಡ ಸಾಹೇಬರ ಹೆಸರು. ನಾವೆಲ್ಲ ಅವರನ್ನು ದೊಡ್ಡ ಸಾಹೇಬ್ರು ಅಂತಲೇ ಕರೆಯುತ್ತಿದ್ದರಿಂದ ಆ ಹುಡುಗಿಗೆ ಅವರ ನಿಜವಾದ ಹೆಸರು ಗೊತ್ತಿರಲಿಲ್ಲ.

ಚಪ್ಪಾಳೆ ಅರ್ಧಕ್ಕೇ ನಿಂತಿತು. ದೊಡ್ಡ ಸಾಹೇಬರ ಕೊರಳಿನ ಹಾರದಿಂದ ಒಂದು ಚೆಂಡುಹೂ ಉದುರಿತು. ಯಾರೂ ಮಾತಾಡದ್ದನ್ನು ಕಂಡು, ತನ್ನ ಕೆಲಸ ಎಲ್ಲರಿಗೂ ಹಿಡಿಸಿದೆ ಅಂತ ತಿಳಿದ ಹುಡುಗಿ ಇನ್ನಷ್ಟು ಉತ್ಸಾಹದಿಂದ ಕೇಳಿದಳು, "ಇದೇ ಹೆಸರಿನ್ಯಾಗ ಇನ್ನೂ ಹದಿನಾರು ಅವ ರೀ ಸರ್. ಓದಲೇನ್ರಿ?"

ಪರದೆ ಕರ್ರಗಾಯಿತು. ಗೋಡೆಯ ಹತ್ತಿರ ನಿಂತಿದ್ದ ಜವಾನ, "ಕರೆಂಟ್ ಹೋತ್ರಿ" ಅಂದ. ಅವನ ಒಂದು ಕೈ ಬೆನ್ನ ಹಿಂದೆ ಪ್ಲಗ್ಗಿನ ಹತ್ತಿರ ಇತ್ತು. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.

ಮುದುಕಿ ಸೆರಗು ಸರಿ ಮಾಡಿಕೊಂಡು ದೊಡ್ಡ ಸಾಹೇಬರ ಎದುರಿಗೆ ಹೋಗಿ ನಿಂತಳು.

"ಹೋಗಲಿ ಬಿಡ್ರಿ ಯಪ್ಪಾ ಕರೆಂಟು," ಅಂದಳು. "ನನಗ ಹೆಸರು ನೆನಪದ."

ಮೂರನೇ ದಿನ ಜೀಪು ಬಂತು. ಡ್ರೈವರ್ ಒಂದು ಟ್ರಂಕು ಇಳಿಸಿ, ನೀರನ್ನೂ ಕುಡಿಯದೆ ಹೋದ. ಮೇಲುಗಡೆಯೇ ಮುದುಕಿಯ ಫೈಲು ಇತ್ತು. ಅವತ್ತೇ ಅವಳ ಹೆಸರು ಏರಿಸಿ, ಸಾಹೇಬರ ಸಹಿ ಹಾಕಿಸಿ, ಕಾಗದ ಕೈಗೆ ಕೊಟ್ಟೆವು. ಅವಳು ಅದನ್ನು ಮಡಚದೆ, ಒಣಗಲಿಕ್ಕೆ ಇಟ್ಟವಳಂತೆ ಎರಡೂ ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಳು. ನಾನು ಈ ಸಲ ಮುಖ ನೋಡಿದೆ.

ಆಪರೇಟರ್ ಬಾಯಿ ಅತ್ತ ಟ್ರಂಕಿನ ಫೈಲುಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತಾಳೆ ನೋಡುತ್ತಿದ್ದಳು. ಹದಿನೇಳು ಮುಗಿದವು. ಟ್ರಂಕಿನ ತಳದಲ್ಲಿ ಇನ್ನೊಂದು ಇತ್ತು. ಎತ್ತಿ ನೋಡಿದಳು. ನಮ್ಮ ತಾಲೂಕಿನದೇ ಅಲ್ಲ. ಎಲ್ಲಿಯದೋ, ಯಾವ ಕಚೇರಿಯದೋ.

"ಸರ್, ಇದೊಂದು ಹೆಚ್ಚಿಗಿ ಬಂದದ. ಏನಂತ ಬರೀಲಿ?"

ನಾನು ವಿಚಾರ ಮಾಡುತ್ತಿದ್ದೆ. ಬೆಂಚಿನ ಮೇಲಿದ್ದ ಮುದುಕಿ, ಕೈಯ ಕಾಗದದಿಂದ ಕಣ್ಣೆತ್ತದೆ ಹೇಳಿದಳು, "ಕೊಸರು ಅಂತ ಬರಿ ನನ್ನವ್ವಾ."